ನಿಮ್ಮ ಒರಳಿನ ವಯಸ್ಸು

ಅತ್ತೆಮ್ಮ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಸುದ್ದಿ. ನಿಮಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಅಲ್ಲಿ ಮಾವನವರಿದ್ದಾರಲ್ಲ, ಓದಿ ಹೇಳುತ್ತಾರೆ. ನಡುವೆ ತಮ್ಮದೂ ಎರಡು ಮಾತು ಸೇರಿಸಿದರೆ ನಂಬಬೇಡಿ.

ಮದುವೆಯಾದ ಹೊಸತರಲ್ಲಿ ನಾನು ಗೋಣಿಚೀಲದ ತುಂಬ ಕಲ್ಲು ತಂದು ಜಗಲಿಯ ಮೇಲೆ ಸುರಿದ ದಿನ ನೆನಪಿದೆಯೇ? "ಬೇರೆ ಮನೆ ಸೊಸೇರು ಬೆಳ್ಳಿ ಬಟ್ಲು ತತ್ತಾರೆ, ನಮ್ಮನೆಗೆ ಬಂಡೆ ಬಂತು ನೋಡ್ರವ್ವ" ಅಂತ ನಜರ್‌ಬಾದಿನ ಬೀದಿಗೆಲ್ಲ ಕೇಳುವಂತೆ ಅಂದಿರಿ. ಕಾಲೇಜಿನಲ್ಲಿ ನಾನು ಪಾಠ ಹೇಳುವುದೇ ಕಲ್ಲಿನದು, ಅದರ ವಯಸ್ಸು ಕಂಡುಹಿಡಿಯಬೇಕು ಅಂದೆ. "ನನ್ ವಯಸ್ಸೇ ನಂಗ್ ಗೊತ್ತಿಲ್ಲ. ಪ್ಲೇಗ್ ಬಂದ ವರ್ಸ ಅವ್ವನ ಸೊಂಟದ ಮ್ಯಾಲಿದ್ನಂತೆ. ಕಲ್ಲಿಗ್ಯಾರವ್ವ ಜಾತ್ಕ ಬರ್ದಿಟ್ಟೋರು?"

ನಾನು ಬಿಡಿಸಿ ಹೇಳಿದೆ. ಕರಗಿದ್ದ ಕಲ್ಲು ಆರಿ ಗಟ್ಟಿಯಾದ ದಿನದಿಂದ ಅದರೊಳಗಿನ ಕಾಗೆಬಂಗಾರದಲ್ಲಿ ಒಂದು ಧಾತು ತೀರಾ ನಿಧಾನವಾಗಿ ಇನ್ನೊಂದಾಗುತ್ತ ಹೋಗುತ್ತದೆ. ಎಷ್ಟು ಬದಲಾಗಿದೆ ಎಂದು ಅಳೆದರೆ ವಯಸ್ಸು ಸಿಕ್ಕೀತು. ನೀವು ಬೀಸಣಿಗೆ ಆಡಿಸುತ್ತ, "ಮೊಸರಿನ ಹುಳಿ ನೋಡಿ ಯಾವತ್ತು ಹೆಪ್ಪಾಕಿದ್ದು ಅಂತ ಹೇಳ್ದಂಗೆ ಅನ್ನು" ಅಂದಿರಿ. ಅತ್ತೆಮ್ಮ, ಆ ಮಾತನ್ನು ಇವತ್ತಿಗೂ ಕ್ಲಾಸಿನಲ್ಲಿ ಹೇಳುತ್ತೇನೆ. ಯಾರ ಮಾತೆಂದು ಮಾತ್ರ ಹೇಳಿರಲಿಲ್ಲ. ಅವತ್ತೇ ಇನ್ನೊಂದು ಕೇಳಿದಿರಿ: "ಅಂಗಾರೆ ನನ್ ಒರಳಿನ ವಯಸ್ಸನ್ನೂ ಕೇಳು ನಿನ್ ಮಿಸಿನ್ನ." ನಾನು ನಕ್ಕುಬಿಟ್ಟೆ. ಒರಳಿಗೆಲ್ಲ ಯಾರು ಮಾಡುತ್ತಾರೆ ಅಂದೆ.

ಆಗ ನನಗಿದ್ದ ಜಗಳವೂ ನಿಮಗೆ ಗೊತ್ತು. ನಮ್ಮ ಸೀಮೆಯ ಬೂದುಗಲ್ಲು, ಕೆಂಪುಗಲ್ಲು ಎರಡೂ ಒಟ್ಟಿಗೇ ಹುಟ್ಟಿದವು ಅಂತ ನಮ್ಮ ವಿಭಾಗದ ಮುಖ್ಯಸ್ಥರು. ಇಲ್ಲ ಸಾರ್, ಬೂದುಗಲ್ಲು ಬಹಳ ಹಿರಿಯದು, ಭೂಮಿಯ ಮೇಲೆ ಮೊದಮೊದಲು ಹೆಪ್ಪುಗಟ್ಟಿದ ನೆಲವೇ ಅದು, ಕೆಂಪು ಎಷ್ಟೋ ಕಾಲದ ಮೇಲೆ ಅದನ್ನು ಸೀಳಿ ನುಗ್ಗಿದ್ದು ಅಂತ ನಾನು. ಇಡೀ ವಿಭಾಗಕ್ಕೆ ಒಬ್ಬಳೇ ಹೆಂಗಸು. ಸೋತರೆ ಇನ್ನು ಯಾವತ್ತೂ ನನ್ನ ಮಾತಿಗೆ ಬೆಲೆ ಇರುತ್ತಿರಲಿಲ್ಲ. ಸುಮ್ಮನಾಗಿಬಿಡಲೇ ಅಂತ ನಿಮ್ಮನ್ನೇ ಕೇಳಿದೆ. "ಒರಳಿಗೆ ತಲೆ ಕೊಟ್ಟಾದ್ಮೇಲೆ ಒನಕೆ ಪೆಟ್ಟಿಗೆ ಅಂಜುದ್ರೆ ಆಯ್ತದಾ? ನಡಿ, ನಾನೂ ಬತ್ತೀನಿ" ಅಂದಿರಿ.

ಬಂದೇಬಿಟ್ಟಿರಿ! ಬಸ್ಸಿನಲ್ಲಿ ಇಲವಾಲ, ಅಲ್ಲಿಂದ ನಡೆದು ನಿಮ್ಮ ತವರೂರು. ನಿಮ್ಮ ತಮ್ಮ ಬಾವಿ ತೋಡಿಸುತ್ತಿದ್ದರು. ಮೇಲಿನ ಕಲ್ಲು ಬಿಸಿಲು ಮಳೆಗೆ ಕೆಟ್ಟಿರುತ್ತದೆ, ನನಗೆ ಆಳದ ಕಲ್ಲೇ ಬೇಕಿತ್ತು. ನಾನು ಬಾವಿಗಿಳಿದಾಗ ನೀವು ದಡದಲ್ಲಿ ನಿಂತು ಬಂದವರಿಗೆಲ್ಲ "ನಮ್ ಸೊಸೆ ಕಣ್ರವ್ವ, ಕಲ್ಲಿನ ಡಾಕ್ಟ್ರು" ಅನ್ನುತ್ತಿದ್ದಿರಿ. ಪಕ್ಕದ ಹಳೇ ಕಲ್ಲುಕುಳಿ ತೋರಿಸಿ, "ನಮ್ಮಪ್ಪ ನನ್ ಒರಳು ಕಡ್ದಿದ್ದು ಇಲ್ಲೇ" ಅಂದಿರಿ. ನಾನು ತಿರುಗಿ ಕೂಡ ನೋಡಲಿಲ್ಲ. ಒಂದೇ ಒಂದು ಒಳ್ಳೆ ಬೂದುಗಲ್ಲು ಸಿಕ್ಕಿತು. ಮರುವಾರ ಬಾವಿಯಲ್ಲಿ ನೀರು ಬಂತು, ಇನ್ನೊಂದು ಚೂರು ತೆಗೆಯುವಂತಿರಲಿಲ್ಲ.

ಈಗ ತಪ್ಪೊಪ್ಪಿಗೆ. ಆ ಕಲ್ಲನ್ನು ಪುಡಿ ಮಾಡಿ, ಕಾಗೆಬಂಗಾರ ಬೇರ್ಪಡಿಸಿ ವಿದೇಶದ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ಅದಕ್ಕೆಂದು ಕಾಲೇಜಿನಲ್ಲಿ ಕಬ್ಬಿಣದ ಕುಟ್ಟಾಣಿ ಇತ್ತು. ನಾನು ಸಂಜೆ ಮನೆಗೆ ಬರುವಷ್ಟರಲ್ಲಿ ನೀವು ಅಷ್ಟನ್ನೂ ನಿಮ್ಮ ಒರಳಲ್ಲಿ ಹಾಕಿ ಜಜ್ಜಿ, ಜರಡಿ ಹಿಡಿದು, ರಾಗಿಹಿಟ್ಟಿನ ಹಾಗೆ ಮೊರದಲ್ಲಿಟ್ಟುಕೊಂಡು ಕೂತಿದ್ದಿರಿ. "ನಿನ್ ಅಂಗೈ ಬೊಬ್ಬೆ ಬಂದಿತ್ತಲ್ಲ, ಅದ್ಕೇ ನಾನೇ ಮಾಡ್ಬುಟ್ಟೆ." ಕಲ್ಲನ್ನು ಕಲ್ಲೊರಳಲ್ಲಿ ಕುಟ್ಟಿದರೆ ಒರಳೂ ಸವೆದು ಸೇರುತ್ತದಲ್ಲ, ಆಮೇಲೆ ಯಾವ ಕಲ್ಲಿನ ವಯಸ್ಸೆಂದು ಹೇಳುವುದು? ಆದರೆ ನಿಮ್ಮ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ. ಬಹಳ ಚೆನ್ನಾಗಿದೆ, ನಾಳೆಯೇ ಕಳಿಸುತ್ತೇನೆ ಅಂದೆ.

ಕಳಿಸಲಿಲ್ಲ, ಅತ್ತೆಮ್ಮ. ನೀವು ದೇವಸ್ಥಾನಕ್ಕೆ ಹೋದಾಗ ಕರಿಬೇವಿನ ಬುಡಕ್ಕೆ ಸುರಿದುಬಿಟ್ಟೆ. ನೀವು ಒಂದು ವರ್ಷ ದಿನಾ ಕೇಳಿದಿರಿ, "ನನ್ ಹಿಟ್ಟಿನ ಕಾಗ್ದ ಬಂತಾ?" ಬರುತ್ತೆ, ಬರುತ್ತೆ ಅಂದೆ. ಆಸ್ಪತ್ರೆಯಲ್ಲೂ ಕೇಳಿದಿರಿ. ಅಲ್ಲೂ ಅದೇ ಸುಳ್ಳು ಹೇಳಿದೆ. ಆ ಸುಳ್ಳು ಹೊತ್ತುಕೊಂಡೇ ನೀವು...

ನಿಮ್ಮ ತಿಥಿಗೆ ಅಂಗಳ ತೊಳೆಯುವಾಗ ಒರಳನ್ನು ಮಗುಚಿ ಹಾಕಿದೆವು. ತಳ ನೋಡಿದೆ. ಹೊಳೆಯುವ ಕಾಗೆಬಂಗಾರ, ಬಾವಿಯ ಆಳದಲ್ಲಿ ಕಂಡದ್ದೇ ಬೂದುಗಲ್ಲು! ಅಂಚಿನಲ್ಲಿ ಅದನ್ನು ಸೀಳಿಕೊಂಡು ಹೋದ ಕೆಂಪು ಪಟ್ಟೆ. ಮರುದಿನವೇ ನಿಮ್ಮ ತವರಿಗೆ ಓಡಿದೆ. ಕುಳಿ ಹೂತುಹೋಗಿತ್ತು, ಅಂಚಿನಲ್ಲಿ ನಿಮ್ಮಪ್ಪನ ಉಳಿಯ ಗುರುತು ಇತ್ತು, ಅದೇ ಕೆಂಪು ಪಟ್ಟೆಯೂ ಇತ್ತು. ಅಂದರೆ ನೀವು ಬಾವಿಯ ಕಲ್ಲಿಗೆ ಬೆರೆಸಿದ್ದು ಅದೇ ಕಲ್ಲನ್ನೇ. ಒರಳಿಗೆ ಅಂಟಿದ್ದ ಉಪ್ಪು ಹುಳಿ ತೊಳೆದು ತೆಗೆದಿದ್ದರೆ ನಿಮ್ಮ ಹಿಟ್ಟು ಕೆಟ್ಟೇ ಇರಲಿಲ್ಲ. ಕೆಟ್ಟಿದ್ದು ಓದಿದವಳ ಬುದ್ಧಿ.

ಒರಳಿನ ತಳದಿಂದ ಬೂದು ಒಂದು ಚೂರು, ಕೆಂಪು ಒಂದು ಚೂರು ತೆಗೆದೆ. ಉಳಿ ಇಡುವ ಮೊದಲು ಅರಿಶಿನ ಕುಂಕುಮ ಹಚ್ಚಿ ನಿಮ್ಮ ಅಪ್ಪಣೆ ಕೇಳಿದೆ. ಕಬ್ಬಿಣದ ಕುಟ್ಟಾಣಿಯಲ್ಲಿ ನಾನೇ ಕುಟ್ಟಿದೆ, ಬೊಬ್ಬೆ ಬಂದರೂ ಬಿಡದೆ ಮುಗಿಸಿ ವಿದೇಶಕ್ಕೆ ಕಳಿಸಿದೆ.

ಇವತ್ತು ಕಾಗದ ಬಂತು. ಬೂದುಗಲ್ಲು ಇನ್ನೂರು ಕೋಟಿ ವರ್ಷವನ್ನೂ ಮೀರಿದ್ದು. ಕೆಂಪು ಅದರ ಮುಂದೆ ಎಷ್ಟೋ ಚಿಕ್ಕದು. ಗೆದ್ದೆವು, ಅತ್ತೆಮ್ಮ! ಮುಖ್ಯಸ್ಥರು ಮೂರು ಸಲ ಓದಿದರು. ಕಲ್ಲು ಸಿಕ್ಕ ಜಾಗದ ಹೆಸರನ್ನೇ ಅದಕ್ಕೆ ಇಡುವುದು ರೂಢಿ. ಕಲ್ಲಿನ ಜೊತೆ ನಾನು ಕಳಿಸಿ, ಈಗ ಕಾಗದದೊಂದಿಗೆ ವಾಪಸ್ಸು ಬಂದಿದ್ದ ಚೀಟಿಯ ಮೇಲೆ ಬೆರಳಿಟ್ಟು, "ಇದೇನ್ರೀ ಇದು, ದೇವೀರಮ್ಮನ ಒರಳು ಅಂತ ಬರ್ದಿದ್ದೀರಿ?" ಅಂದರು.

"ಕಲ್ಲು ಸಿಕ್ಕಿದ್ದು ಅಲ್ಲೇ ಸಾರ್. ಹಂಗೇ ಅಚ್ಚಾಗಲಿ," ಅಂದೆ.

ಅಚ್ಚಾಗುತ್ತದೆ. ಇನ್ನು ಮೇಲೆ ಕ್ಲಾಸಿನಲ್ಲಿ ಮೊಸರಿನ ಮಾತು ಬಂದಾಗಲೂ ನಿಮ್ಮ ಹೆಸರು ಹೇಳುತ್ತೇನೆ. ನಿಮಗೆಷ್ಟು ವಯಸ್ಸಾಗಿತ್ತೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನಿಮ್ಮ ಹಿಟ್ಟಿನ ಕಾಗದ ಬಂತು, ಅತ್ತೆಮ್ಮ. ಇದು ಸುಳ್ಳಲ್ಲ.

ನಿಮ್ಮ ಸೊಸೆ,
ಕಲ್ಲಿನ ಡಾಕ್ಟ್ರು