ಕಳ್ಳ ಅಡಗುವ ಹೊತ್ತು

ಫೆಬ್ರವರಿ 9, ಬೆಳಿಗ್ಗೆ

ಗೋಡೆಗೆ ಮುಖ ಮಾಡಿ ಕೂತಾಯಿತು. ಬೆನ್ನ ಹಿಂದೆ ಇವಳ ಚಪ್ಪಲಿಯ ಸದ್ದು. ಮೊದಲು ಅಂಗಡಿ ಬೀದಿಯ ಕಡೆ ಹೋದಳು, ಈಗ ರೈಲ್ವೆ ಸ್ಟೇಷನ್ ಕಡೆ. ಬೇಕೆಂದೇ ಸುತ್ತುತ್ತಾಳೆ, ನನ್ನ ದಾರಿ ತಪ್ಪಿಸಲು.

ಷೆಡ್ಡಿನ ತುಂಬ ನಮ್ಮ ಪುಟ್ಟ ಊರು. ರಟ್ಟು, ಮರದ ಚೂರು, ಬೆಂಕಿಪೆಟ್ಟಿಗೆ, ಹಳೇ ಗಡಿಯಾರದ ಚಕ್ರ — ಕೈಗೆ ಸಿಕ್ಕಿದ್ದರಲ್ಲೆಲ್ಲ ಕಟ್ಟಿದ್ದು. ಮನೆಗಳು ನನ್ನವು, ಜನ ಇವಳದು. ಆ ಜನರಲ್ಲಿ ಒಬ್ಬ ಕಳ್ಳ. ಕಿರುಬೆರಳಿನಷ್ಟು ಉದ್ದ, ಹೆಗಲ ಮೇಲೆ ಮೂಟೆ. ದಿನಾ ಬೆಳಿಗ್ಗೆ ಇವಳು ಅವನನ್ನು ಹೊಸ ಜಾಗದಲ್ಲಿ ಅಡಗಿಸುತ್ತಾಳೆ, ನೋಡಲು ಬಂದವರು ಹುಡುಕಬೇಕು. ಸಿಕ್ಕರೆ ಪೊಲೀಸ್ ಠಾಣೆಯ ಮೇಲಿನ ಗಂಟೆ ಬಾರಿಸಬಹುದು. ಜಾಗ ನನಗೂ ಗೊತ್ತಾಗಬಾರದು. ಗೊತ್ತಾದರೆ ಮುಖದಲ್ಲೇ ಹೇಳಿಬಿಡುತ್ತೇನಂತೆ. ಅದಕ್ಕೇ ಈ ಶಿಕ್ಷೆ — “ಆಯ್ತು, ತಿರುಗಿ” ಎನ್ನುವವರೆಗೆ ಗೋಡೆ, ನಾನು, ಈ ಡೈರಿ.

ಹೋದ ವರ್ಷ ಒಮ್ಮೆ ತಿರುಗಿ ನೋಡಿದ್ದೆ. “ಮೋಸಗಾರ ನೀವು. ಆ ಕಳ್ಳನೇ ವಾಸಿ” ಎಂದು ಬೈದು ಸಂಜೆವರೆಗೆ ಮಾತು ಬಿಟ್ಟಿದ್ದಳು.

ಕರೆದಳು. ಸಾಕು.

ಫೆಬ್ರವರಿ 10

ಶಾಲೆಯ ಮಕ್ಕಳು ಬಂದಿದ್ದರು. ಮಕ್ಕಳಿಗಿಂತ ಮೇಷ್ಟ್ರದೇ ಹುಡುಕಾಟ ಜೋರು. ಬಗ್ಗಿದವರ ಹಿಂಬದಿ ತಾಗಿ ಅಂಚೆ ಕಚೇರಿ ಮಗುಚಿತು. ಪಾಪ, ಬೆವತುಹೋದರು. ಇವಳು ನಕ್ಕು, “ಬಿಡಿ ಸರ್, ಈಗ ಕಾಗದ ಬರೆಯೋರಾದ್ರೂ ಯಾರಿದ್ದಾರೆ” ಎಂದಳು.

ಕಳ್ಳ ಬೇಕರಿಯ ಒಲೆಯೊಳಗೆ ಸಿಕ್ಕ. ಕಿವಿಗಡಚಿಕ್ಕುವಂತೆ ಗಂಟೆ. ಒಬ್ಬ ತಾಯಿ ಕೇಳಿದರು, ಇಷ್ಟು ಚೆಂದದ ಊರಿಗೆ ಕಳ್ಳ ಯಾಕೆ ಅಂತ. “ಎಲ್ಲಾ ಒಳ್ಳೆಯವರೇ ಇದ್ರೆ ಇಲ್ಲಿ ನೋಡೋಕೆ ಏನಿರುತ್ತೆ ಹೇಳಿ” ಎಂದಳು ಇವಳು. ಮಾತಿನಲ್ಲಿ ಇವಳನ್ನು ಗೆದ್ದವರನ್ನು ನಾನು ಕಂಡಿಲ್ಲ. ನಾನಂತೂ ಎಂದೋ ಕೈಚೆಲ್ಲಿದ್ದೇನೆ.

ಫೆಬ್ರವರಿ 14, ಬೆಳಿಗ್ಗೆ

ಗೋಡೆ. ಇವತ್ತು ತುಂಬ ಹೊತ್ತು ತೆಗೆದುಕೊಳ್ಳುತ್ತಿದ್ದಾಳೆ. ಎಲ್ಲೋ ಭಾರಿ ಜಾಗವೇ ಹುಡುಕಿರಬೇಕು.

ಸ್ಟೇಷನ್ನಿನ ಸಿಗ್ನಲ್ ಕಂಬಕ್ಕೆ ಬಣ್ಣ ಹೋಗಿದೆ. ಇವಳ ಹತ್ತಿರ ಕೆಂಪು ಉಳಿದಿದೆಯೋ ಕೇಳಬೇಕು. ಸೇತುವೆ ಒಂದು ಕಡೆ ವಾಲಿದೆ. ಮಕ್ಕಳು ಕೈಯೂರುತ್ತಾರೆ, ಬೇಡವೆನ್ನಲು ಬಾಯಿ ಬರುವುದಿಲ್ಲ.

ಏನೋ ಬಿದ್ದ ಸದ್ದು. “ಏನೇ ಅದು?” ಎಂದೆ. ಉತ್ತರ ಇಲ್ಲ. ಹೂಂ, ಗೊತ್ತಾಯಿತು. ನಾನು ತಿರುಗಲಿ, ಮೋಸಗಾರ ಎನ್ನೋಣ ಅಂತ. ನಾನೂ ಇಷ್ಟು ವರ್ಷ ಸುಮ್ಮನೆ ಸಂಸಾರ ಮಾಡಿಲ್ಲ.

ಸೇತುವೆಗೆ ಅಡಿಯಿಂದ ಒಂದು ಆಸರೆ ಕೊಟ್ಟರೆ ಸಾಕು. ಗಡಿಯಾರದಂಗಡಿಯವನ ಹತ್ತಿರ ಸಣ್ಣ ಸ್ಕ್ರೂ ಸಿಗುತ್ತದೆ. ಅವನೂ ಒಮ್ಮೆ ಬರುತ್ತೇನೆ ಎಂದಿದ್ದ, ಮೊಮ್ಮಗಳನ್ನು ಕರೆದುಕೊಂಡು…

ಇನ್ನೂ ಉಸಿರಿಲ್ಲ. ಇರಲಿ. ಇವತ್ತು ಮೊದಲು ಮಾತಾಡಿ ಸೋಲುವವಳು ಅವಳೇ. ನಾನಂತೂ ತಿರುಗು

ಫೆಬ್ರವರಿ 17, ಆಸ್ಪತ್ರೆ

ಸ್ಟ್ರೋಕ್. ಬಲಗೈ, ಬಲಗಾಲು ಬಿದ್ದಿವೆ. ಮಾತು ಹೋಗಿದೆ.

ಊರಿನ ಮೇಜಿಗೂ ಕಿಟಕಿಗೂ ನಡುವೆ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ನನ್ನ ಬೆನ್ನನ್ನೇ ನೋಡುತ್ತಾ ಬಿದ್ದಿದ್ದಳು.

ಬಿದ್ದು ಎಷ್ಟು ಹೊತ್ತಾದ ಮೇಲೆ ನೋಡಿದಿರಿ ಎಂದರು ಡಾಕ್ಟರ್. ಒಂದು ಪುಟ ಎಂದೆ. ಅರ್ಥವಾಗಲಿಲ್ಲ ಅವರಿಗೆ. ವಿವರಿಸಿದೆ. ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 24

ಅವಳಿಗೆ ಕೇಳಿದ್ದು ತಿಳಿಯುತ್ತದೋ ಇಲ್ಲವೋ ಡಾಕ್ಟರಿಗೂ ಹೇಳಲು ಬರುವುದಿಲ್ಲವಂತೆ. ಕಣ್ಣು ತೆರೆದಿರುತ್ತಾಳೆ. ಒಳಗೆ ಇದ್ದಾಳೋ ಇಲ್ಲವೋ.

ನಾದಿನಿ ಬಂದಿದ್ದಾಳೆ — ಇವಳ ತಂಗಿ. ನರ್ಸುಗಳ ಹತ್ತಿರ ಮಾತಾಡುವುದು, ಮಾತ್ರೆ ತರುವುದು, ನನಗೆ ತಿನ್ನಿಸುವುದು, ಎಲ್ಲ ಅವಳೇ. “ಭಾವ, ಇಲ್ಲಿ ಕೂತು ಗೋಡೆ ನೋಡೋ ಬದಲು ಮನೆಗೆ ಹೋಗಿ ಷೆಡ್ ತೆಗೀರಿ. ಜನ ಬಂದು ವಾಪಸ್ ಹೋಗ್ತಿದ್ದಾರೆ” ಎಂದಳು. ಗೋಡೆ ಎಂದದ್ದು ಸುಮ್ಮನೆ ಬಂದ ಮಾತು. ಎದೆಗೆ ನಾಟಿತು.

ಫೆಬ್ರವರಿ 27

ತೆಗೆದೆ. ಎರಡು ಸಂಸಾರ ಬಂದವು. ಕಳ್ಳನನ್ನು ಹುಡುಕಿದರು, ಸಿಗಲಿಲ್ಲ. ಒಬ್ಬರು ಮೆಲ್ಲಗೆ, “ಇದಾನಾ ಇಲ್ವಾ ಸ್ವಾಮಿ, ಸತ್ಯ ಹೇಳಿ” ಎಂದರು.

ಇದ್ದಾನೆ. ರಾತ್ರಿ ಅವನನ್ನಿಡುವ ಡಬ್ಬಿಯಲ್ಲಿಲ್ಲ, ಅವಳು ಬಿದ್ದ ಜಾಗದಲ್ಲಿಲ್ಲ, ಅವಳ ಕೈಯಲ್ಲೂ ಇರಲಿಲ್ಲ. ಅಡಗಿಸಿಯೇ ಬಿದ್ದಿದ್ದಾಳೆ.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದೊಂದೇ ಮನೆಯ ಛಾವಣಿ ಎತ್ತಿ ನೋಡಿದೆ. ಬಾವಿ, ರೈಲಿನ ಡಬ್ಬಿ, ಚಿಮಣಿ. ಅಂಗಡಿಯ ಮೂಟೆಗಳ ನಡುವೆ. ಇಲ್ಲ. ಎಲ್ಲಿ ಎಂಬುದು ಈ ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತು.

ಸಂಜೆ ಅವಳ ಕಿವಿಯ ಹತ್ತಿರ ಬಗ್ಗಿ, “ಸೋತೆ ಕಣೆ. ಕಳ್ಳ ಎಲ್ಲಿ?” ಎಂದೆ. ಫ್ಯಾನು ನೋಡುತ್ತಿದ್ದಳು. ಫ್ಯಾನನ್ನೇ ನೋಡಿದಳು.

ಮಾರ್ಚ್ 6

ನಾನೇ ಒಬ್ಬ ಕಳ್ಳನನ್ನು ಮಾಡಿದೆ. ಮೂಟೆ ಹೊತ್ತ ಆಲೂಗಡ್ಡೆಯಂತಿದ್ದಾನೆ. ನಾನೇ ಅಡಗಿಸಿದೆ. ಬಂದ ಮಕ್ಕಳೆಲ್ಲ ಚಿಟಿಕೆ ಹೊಡೆಯುವುದರೊಳಗೆ ಹಿಡಿದರು. ಎರಡು ಜಡೆಯ ಹುಡುಗಿಯೊಬ್ಬಳು, “ತಾತ, ನೀವು ಅಲ್ಲೇ ನೋಡ್ತಾ ಇದ್ರಲ್ಲ” ಎಂದಳು.

ನನ್ನವಳು ಹೇಳುತ್ತಿದ್ದದ್ದು ನಿಜ. ನನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ.

ಆಲೂಗಡ್ಡೆಯನ್ನು ಮೇಜಿನ ಖಾನೆಗೆ ಹಾಕಿದೆ.

ಮಾರ್ಚ್ 21

ಮನೆಗೆ ಕರೆತಂದೆವು. ಗಾಲಿ ಕುರ್ಚಿಯಲ್ಲಿ. ಡಾಕ್ಟರ್ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿದರು, ಇದು ಇನ್ನೊಂದು ಸಲ ಬರಬಹುದು, ಅವರ ಮೇಲೆ ಸದಾ ಕಣ್ಣಿಟ್ಟಿರಿ. ಆಗಲಿ ಎಂದೆ. ಬೇರೇನು ಹೇಳಲಿ.

ಷೆಡ್ಡಿಗೆ ಬೇಡ, ಆಯಾಸವಾಗುತ್ತದೆ ಎಂದಳು ನಾದಿನಿ. ನಾನು ಕೇಳಲಿಲ್ಲ. ಊರಿನ ಸುತ್ತ ಮೆಲ್ಲಗೆ ತಳ್ಳಿಕೊಂಡು ಹೋದೆ. ಅಂಗಡಿ ಬೀದಿ. ಸ್ಟೇಷನ್. ಮುಖದಲ್ಲಿ ಏನೂ ಇಲ್ಲ. ಸೇತುವೆಯೂ ದಾಟಿತು. ಇಲ್ಲ, ಅವಳು ಒಳಗಿಲ್ಲ ಎನಿಸಿತು.

ಪೊಲೀಸ್ ಠಾಣೆ ದಾಟುವಾಗ ಕುರ್ಚಿ ಮುಂದೆ ಹೋಗಲಿಲ್ಲ. ಎಡಗೈಯಲ್ಲಿ ಮೇಜಿನ ಅಂಚು ಹಿಡಿದಿದ್ದಳು.

ಗಂಟೆ ಅಲ್ಲಾಡಬಾರದೆಂದು ಆ ಒಂದು ಛಾವಣಿಯನ್ನು ನಾನೇ ಗೋಂದು ಹಾಕಿ ಕೂರಿಸಿದ್ದೆ. ಎತ್ತಲು ಬರುವುದಿಲ್ಲ, ಅದಕ್ಕೇ ಒಳಗೆ ನೋಡಿರಲಿಲ್ಲ. ಕಿಟಕಿಯಿಂದಲೂ ತೂರಿಸಬಹುದೆಂದು ಹೊಳೆದಿರಲಿಲ್ಲ. ಬಗ್ಗಿ ಕಿಟಕಿಯಲ್ಲಿ ಟಾರ್ಚ್ ಬಿಟ್ಟೆ. ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಕಳ್ಳ. ಮೂಟೆಯನ್ನು ಪಕ್ಕಕ್ಕೆ ಒರಗಿಸಿ ರಾಜನ ಹಾಗೆ ಕೂತಿದ್ದಾನೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ.

ತಿರುಗಿ ನೋಡಿದರೆ ಅವಳ ಬಾಯಿಯ ಎಡಗಡೆ ಮೇಲೆ ಹೋಗಿದೆ. ನಗುತ್ತಿದ್ದಾಳೆ. ಇದ್ದಾಳೆ. ಪೂರ್ತಿ ಇದ್ದಾಳೆ.

ಗಂಟೆ ನಾನೇ ಬಾರಿಸಿದೆ. ಆಮೇಲೆ ಅಳು ತಡೆಯಲಾಗಲಿಲ್ಲ. “ಭಾವ, ಅವಳ ಮುಂದೆ ಅಳ್ತಾರಾ” ಎಂದು ಗದರಿದ ನಾದಿನಿ ಬಾಗಿಲ ಸಂದಿಗೆ ಹೋಗಿ ತಾನೂ ಅತ್ತಳು.

ಮಾರ್ಚ್ 23, ಬೆಳಿಗ್ಗೆ

ಗೋಡೆ.

ನಾನು ಬೇಡವೆಂದೆ. ಎದುರಿಗೇ ಕೂರುತ್ತೇನೆ, ನೋಡಿದರೂ ನೋಡದ ಹಾಗಿರುತ್ತೇನೆ ಎಂದೆ. ಅವಳು ಕಳ್ಳನನ್ನು ಎಡಮುಷ್ಟಿಯಲ್ಲಿ ಹಿಡಿದುಕೊಂಡು, ಅದೇ ಮುಷ್ಟಿಯಿಂದ ನನ್ನ ಪಕ್ಕೆಗೆ ತಿವಿದು ಗೋಡೆ ತೋರಿಸಿದಳು. ತಿರುಗುವವರೆಗೆ ಬಿಡಲಿಲ್ಲ. ಬಾಯಿ ಹೋದರೂ ಹಟ ಹೋಗಿಲ್ಲ.

ನಾದಿನಿ ಔಷಧಿ ಅಂಗಡಿಗೆ ಹೋಗಿದ್ದಾಳೆ. ಷೆಡ್ಡಿನಲ್ಲಿ ನಾವಿಬ್ಬರೇ.

ಒಪ್ಪಂದ ಆಗಿದೆ. “ಆಯ್ತು, ತಿರುಗಿ” ಬದಲು ಠಾಣೆಯ ಗಂಟೆ. ಎಡಗೈಗೆ ಎಟಕುತ್ತದೆ. ಹತ್ತು ಗಂಟೆಗೆ ಜನ ಬರುತ್ತಾರೆ. ಎರಡು ಜಡೆಯವಳೂ ಬರುತ್ತೇನೆಂದಿದ್ದಾಳೆ.

ಗಾಲಿಯ ಸದ್ದು ಕೇಳುತ್ತಿದೆ, ಎಡಗಾಲಿನಿಂದ ನೆಲ ಒದ್ದು ಸರಿಯುತ್ತಿದ್ದಾಳೆ. ಅಂಗಡಿ ಬೀದಿ ಕಡೆ ಹೋಯಿತು. ನಿಂತಿತು. ಮತ್ತೆ ಹೊರಟಿತು, ಈಗ ಕೆರೆಯ ಕಡೆ. ಮೊದಲಿನ ಹಾಗೇ ದಾರಿ ತಪ್ಪಿಸುತ್ತಿದ್ದಾಳೆ.

ನಿಂತಿತು.

ಕೈ ಎಟಕದಿರಬಹುದು. ಬಗ್ಗಲು ಹೊತ್ತು ಬೇಕು. ಒಂದೇ ಕೈ, ಅವಸರ ಮಾಡಬಾರದು.

“ಏನೇ?” ಎಂದೆ. ಏನೂ ಇಲ್ಲ. ಮಾತು ಬರುವುದಿಲ್ಲವಲ್ಲ, ಎಲ್ಲಿಂದ ಉತ್ತರ ಬರಬೇಕು, ನನಗೆ ಬುದ್ಧಿ ಬೇಡವೇ.

ಗಾಲಿ ಅಲ್ಲಾಡುತ್ತಿಲ್ಲ. ಈಗ ತಿರುಗಿದರೆ, ಅವಳು ಕಷ್ಟಪಟ್ಟು ಅಡಗಿಸುತ್ತಿದ್ದರೆ, ಆ ಮುಖ… ಇಷ್ಟು ದಿನದ ಮೇಲೆ ಅವಳ ಪಾಲಿಗೆ ಉಳಿದಿರುವುದು ಇದೊಂದೇ. ತಿರುಗದಿದ್ದರೆ —

ಈ ಸಾಲು ಮುಗಿಯುವುದರೊಳಗೆ ಗಂಟೆ ಆಗಬೇಕು.

ಆಗಲಿಲ್ಲ.

ನನ್ನ ಕೈಲಾಗುವುದಿಲ್ಲ. ತಿರುಗುತ್ತೇನೆ. ಮೋಸಗಾರ ಎಂದು ಬೈದರೆ ಬೈಯಲಿ. ಬೈಯಲಿ, ಒಂದೇ ಒಂದು