ಅಮ್ಮನ ಹೆಸರಿನ ರೊಟ್ಟಿ

ಅಕ್ಟೋಬರ್ 4, ಶುಕ್ರವಾರ. ಸಂಜೆ

ಇವತ್ತು ಮೂರು ಮನೆ ನೋಡಿದೆವು. ಮೊದಲನೆಯದು ಗೂಡು. ಎರಡನೆಯದು ಪರವಾಗಿಲ್ಲ, ಆದರೆ ಬ್ರೋಕರ್ ಜಿಗಣೆ, ಬೆನ್ನು ಬಿಡಲಿಲ್ಲ. ಮೂರನೆಯದರಲ್ಲಿ ಅವನಿಗೆ ಫೋನ್ ಬಂತು, ಬಾಲ್ಕನಿಗೆ ಹೋದ. ನಮಗೆ ನಾಲ್ಕು ನಿಮಿಷ ಸಿಕ್ಕಿತು. ಮಲಗುವ ಕೋಣೆ, ಬಾಗಿಲ ಮರೆ. ಬಾಸಿಮ್‌ನ ಅಂಗಿಯ ಬೆನ್ನಿಗೆಲ್ಲ ಸುಣ್ಣ. ಹೊರಗೆ ಬಂದವನೇ ಗಂಭೀರವಾಗಿ, "ಗೋಡೆ ಸ್ವಲ್ಪ ಹಸಿ ಇದೆಯಲ್ಲ?" ಅಂದ. ನಗು ಮುಚ್ಚಲು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುವ ನಾಟಕ ಮಾಡಿದೆ.

ಕೈರೋದಲ್ಲಿ ಎರಡು ಕೋಟಿ ಜನ. ನಿಶ್ಚಿತಾರ್ಥವಾಗಿ ಮೂರು ವರ್ಷವಾದ ಇಬ್ಬರಿಗೆ ಒತ್ತಿ ಕೂರಲು ಒಂದು ಗೇಣು ಜಾಗವಿಲ್ಲ. ಸೇತುವೆಯ ಮೇಲೆ ನಿಂತರೆ ಪೊಲೀಸ್, ಪಾರ್ಕಿನಲ್ಲಿ ಕೂತರೆ ಹೂ ಮಾರುವವರು, ಸಿನಿಮಾದಲ್ಲಿ ಹಿಂದಿನ ಸಾಲಿನ ಹಾಜಿಯ ಕೆಮ್ಮು. ಕೊಳ್ಳುವವರಂತೆ ಮನೆ ನೋಡುವುದೊಂದೇ ಪುಕ್ಕಟೆ ಮನರಂಜನೆ. ನಮ್ಮ ನಿಯಮ ಒಂದೇ: ಹೆಸರು ನಿಜ, ಮಿಕ್ಕಿದ್ದೆಲ್ಲ ಸುಳ್ಳು. ಯಾರಾದರೂ ಕರೆದರೆ ತಲೆ ತಿರುಗಬೇಕಲ್ಲ. ಇವತ್ತು ಅವನು ಹಲ್ಲಿನ ಡಾಕ್ಟರ್, ನಾನು ಪೈಲಟ್‌ನ ಮಗಳು. ನಿಜದಲ್ಲಿ ಅವನು ಇನ್ಶೂರೆನ್ಸ್ ಗುಮಾಸ್ತ, ನಾನು ಔಷಧದಂಗಡಿಯ ಕ್ಯಾಶಿಯರ್.

ಆಮೇಲೆ ಬೀದಿಯಂಗಡಿಯಲ್ಲಿ ಅನ್ನ-ಬೇಳೆಯ ಕೊಶರಿ ತಿಂದೆವು. ನನ್ನ ತಟ್ಟೆಯ ಹುರಿದ ಈರುಳ್ಳಿ ಅವನೇ ಹೆಕ್ಕಿಕೊಂಡ. ಎಂದಿನಂತೆ.

ಮನೆಯಲ್ಲಿ ಅಮ್ಮ ಹೊಲಿಗೆ ಮೆಷಿನ್ ಮುಂದೆ. ನನ್ನ ಮದುವೆಗೆ ಹನ್ನೆರಡನೇ ಜೊತೆ ದಿಂಬಿನ ಚೀಲ. "ಮನೆ ಸಿಕ್ತಾ?" ಅಂದಳು. ನಿಜವಾಗಿ ಹುಡುಕುತ್ತಿದ್ದೇವೆ ಅಂದುಕೊಂಡಿದ್ದಾಳೆ, ಪಾಪ. "ಗಂಡು ಮನೆ ಮಾಡೋತನಕ ನಾನು ದಿಂಬು ಹೊಲೀತಾನೇ ಇರ್ಬೇಕೇನೇ? ಇಷ್ಟು ತಲೆ ಎಲ್ಲಿಂದ ತರ್ತೀರಿ?"

ಇದನ್ನು ಬರೆಯುವಾಗಲೇ ಬಾಗಿಲು ತಳ್ಳಿಕೊಂಡು ಬಂದಳು. ತಟ್ಟಿ ಬಾ ಅಂದರೆ, "ನನ್ನ ಹೊಟ್ಟೆಯಿಂದ ಬಂದೋಳು ನೀನು, ನಿನ್ನ ಬಾಗಿಲು ತಟ್ಬೇಕಾ?" ಅನ್ನುತ್ತಾಳೆ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಮಾತು.

ಅಕ್ಟೋಬರ್ 11, ಶುಕ್ರವಾರ

ಶುಬ್ರಾದಲ್ಲಿ ಒಂದು ಮನೆ. ಐದನೇ ಮಹಡಿ, ಲಿಫ್ಟ್ ಸತ್ತು ವರ್ಷಗಳಾಗಿವೆ. ಬ್ರೋಕರ್ ಇಲ್ಲ, ಒಡತಿಯೇ ಮಾರುತ್ತಿದ್ದಾಳೆ. ಇನ್ಸಾಫ್ ಎಂಬ ವಿಧವೆ, ಎಪ್ಪತ್ತರ ಮೇಲೆ, ಎರಡೂ ಮೊಣಕಾಲು ಹೋಗಿವೆ. ಇಸ್ಮಾಯಿಲಿಯಾದ ತಂಗಿಯ ಮನೆ ನೆಲಮಹಡಿ, ಅಲ್ಲಿಗೆ ಹೋಗಬೇಕಂತೆ. ಎದುರು ಬೀದಿಯ ಡಾಕ್ಟರೊಬ್ಬ ಕ್ಲಿನಿಕ್‌ಗೆ ಕೇಳುತ್ತಿದ್ದಾನಂತೆ. ಅವಳಿಗೆ ಮನಸ್ಸಿಲ್ಲ. "ನಾನು ಮದುವಣಗಿತ್ತಿಯಾಗಿ ಕಾಲಿಟ್ಟ ಮನೆ. ಇಲ್ಲಿ ಮೂತ್ರದ ಬಾಟಲಿ ಇಡ್ತಾರಾ?" ಅಂದಳು.

ಹಾಲ್‌ನಲ್ಲಿ ಗಾಜಿನ ಬೀರು. ತುಂಬ ಪಿಂಗಾಣಿ. ಚಿನ್ನದ ಅಂಚಿನ ತಟ್ಟೆಗಳು, ಐವತ್ತು ವರ್ಷದಿಂದ ಅವುಗಳಲ್ಲಿ ಒಮ್ಮೆಯೂ ಉಂಡಿಲ್ಲವಂತೆ. ಕಣ್ಣು ಕೀಳಲಾಗಲಿಲ್ಲ. ಹೆಣ್ಣಿನ ಕಡೆಯವರು ಇಂಥ ಬೀರು ಕೊಡದಿದ್ದರೆ ಗಂಡಿನ ಅಮ್ಮ ಸಾಯುವ ತನಕ ಎತ್ತಿ ಆಡುತ್ತಾಳೆ. ಬಾಸಿಮ್‌ನ ಅಮ್ಮ ತಾಂತಾ ಊರಲ್ಲಿ ಕೂತು ಈಗಲೇ ಶುರು ಮಾಡಿದ್ದಾಳೆ — ದರ್ಜಿಯ ಮಗಳು ಏನು ತಂದಾಳು ಅಂತ.

"ನಿಮ್ಮಮ್ಮ ಕೊಡಿಸ್ತಾರೆ ಬಿಡು, ಮಗಳೇ" ಅಂದಳು ಮುದುಕಿ.

"ಅಮ್ಮ ಇಲ್ಲ, ಆಂಟಿ" ಅಂದೆ. ಬಾಯಿಂದ ಜಾರಿತು. ಅಪ್ಪ ನಿಜವಾಗಿಯೂ ಇಲ್ಲ, ಅಮ್ಮನನ್ನೂ ಅವನ ಜೊತೆ ಸೇರಿಸಿಬಿಟ್ಟೆ. "ಹೋದ ವರ್ಷ ರಂಜಾನ್‌ನಲ್ಲಿ."

ಬಾಸಿಮ್ ತಲೆ ತಗ್ಗಿಸಿ, "ಅಲ್ಲಾಹ್ ಅವರಿಗೆ ಕರುಣೆ ತೋರಲಿ" ಅಂದ. ಅವನ ಭುಜ ನಗುವಿನಿಂದ ಕುಣಿಯುತ್ತಿತ್ತು, ಅವಳು ಅಳು ಅಂದುಕೊಂಡಳು. ನನ್ನನ್ನು ಎದೆಗಪ್ಪಿಕೊಂಡಳು. ತೀರಿಕೊಂಡವಳ ಹೆಸರೇನು ಅಂತ ಕೇಳಿದಳು. ಬೇರೆ ಹೆಸರು ಹೊಳೆಯಲಿಲ್ಲ. ಸೌಸನ್ ಅಂದೆ. ಅಮ್ಮನ ಹೆಸರೇ.

ಇಳಿಯುವಾಗ ಮೂರನೇ ಮಹಡಿಯ ಮೆಟ್ಟಿಲಲ್ಲಿ ಕೂತು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. "ನಿನ್ನಂಥ ನಟಿ ಊರಲ್ಲೇ ಇಲ್ಲ ಕಣೇ" ಅಂದ.

ಅಕ್ಟೋಬರ್ 18, ಶುಕ್ರವಾರ

ಬೇರೆ ಮನೆ ನೋಡುವ ಮನಸ್ಸಾಗಲಿಲ್ಲ. ಮತ್ತೆ ಶುಬ್ರಾ. ನಮ್ಮಿಬ್ಬರನ್ನೇ ಕೋಣೆಯಲ್ಲಿ ಬಿಟ್ಟು ಚಹಾಕ್ಕೆ ಅಡುಗೆಮನೆಗೆ ಹೋಗುತ್ತಾಳೆ ಮುದುಕಿ. ಮೊಣಕಾಲು ನೋವು, ಚಹಾಕ್ಕೆ ಇಪ್ಪತ್ತು ನಿಮಿಷ. ಬಾಸಿಮ್ ಆ ಮೊಣಕಾಲುಗಳಿಗೆ ದುವಾ ಮಾಡುತ್ತಾನೆ.

ಹೊರಡುವಾಗ ಒಂದು ಪೊಟ್ಟಣ ಕೊಟ್ಟಳು. ಪ್ರತಿ ಗುರುವಾರ ಸ್ಮಶಾನಕ್ಕೆ ಹೋಗಿ ಗಂಡನ ಹೆಸರಲ್ಲಿ ಶುರೇಕ್ ರೊಟ್ಟಿ ಹಂಚುತ್ತಾಳಂತೆ. ನಿನ್ನೆ ಸೌಸನ್ ಹೆಸರಲ್ಲೂ ಹಂಚಿದ್ದಾಳೆ. "ಅವಳ ಆತ್ಮಕ್ಕೆ ತಂಪಾಗ್ಲಿ ಅಂತ ಬಡವರೆಲ್ಲ ಬೇಡಿಕೊಂಡ್ರು. ನಿನಗೂ ನಾಲ್ಕು ಎತ್ತಿಟ್ಟೆ."

ಬಸ್ಸಿನಲ್ಲಿ ಬಿಸಾಡೋಣ ಅಂದುಕೊಂಡೆ. ರೊಟ್ಟಿ ಬಿಸಾಡಬಾರದು. ಮನೆಗೆ ತಂದು ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದೆ. ಬಂದು ನೋಡಿದರೆ ಅಮ್ಮ ಚಹಾದಲ್ಲಿ ಅದ್ದಿಕೊಂಡು ಎರಡನೆಯದನ್ನು ತಿನ್ನುತ್ತಿದ್ದಳು.

"ಯಾರು ಕೊಟ್ಟಿದ್ದು? ಸೋಂಪು ಎಷ್ಟು ಹದವಾಗಿ ಹಾಕಿದಾರೆ."

"ಮನೆ ಮಾರೋ ಆಂಟಿ. ನಿನಗೇ ಅಂತ ಕೊಟ್ರು."

"ನನಗಾ? ನನ್ನ ಮುಖ ಕೂಡ ನೋಡಿಲ್ಲ, ನೋಡು. ಒಳ್ಳೆ ಹೆಂಗಸು. ಆ ಮನೇನೇ ಹಿಡೀರಿ."

ತನ್ನ ತಿಥಿಯ ರೊಟ್ಟಿಯನ್ನು ತಾನೇ ತಿಂದಳು. ಬಾಸಿಮ್‌ಗೆ ಮೆಸೇಜ್ ಮಾಡಿದೆ. ನಗುವ ಮುಖ ಹದಿನೈದು ಕಳಿಸಿದ. ನಾನೂ ನಕ್ಕೆ... ಮಲಗಿದ ಮೇಲೆ ಎರಡು ಸಲ ಎದ್ದು ಅಮ್ಮ ಉಸಿರಾಡುತ್ತಿದ್ದಾಳಾ ಅಂತ ನೋಡಿದೆ.

ಅಕ್ಟೋಬರ್ 22, ಮಂಗಳವಾರ

ಅಂಗಡಿಯಲ್ಲಿದ್ದಾಗ ಇನ್ಸಾಫ್ ಫೋನ್. ಡಾಕ್ಟರಿಗೆ ಇಲ್ಲ ಅಂದುಬಿಟ್ಟಳಂತೆ. ನಮಗೇ ಕೊಡುವುದು, ಬೆಲೆಯಲ್ಲೂ ಇಳಿಸುತ್ತಾಳೆ, ಗಾಜಿನ ಬೀರು ಪಿಂಗಾಣಿ ಸಮೇತ ನನಗೆ. "ತಾಯಿ ಇಲ್ಲದ ಮಗು ಖಾಲಿ ಕೈಲಿ ಅತ್ತೆ ಮುಂದೆ ನಿಲ್ಬಾರದು."

ಮನೆ ನಮಗೇ ಕೊಡ್ತಾರಂತೆ ಅಂತ ಅಮ್ಮನಿಗೂ ಹೇಳಿಬಿಟ್ಟೆ. ಆ ಮನೆ ಬೇಕು ನನಗೆ. ಆಟ ಸಾಕು. ಬಾಸಿಮ್‌ಗೆ ಹೇಳಿದರೆ, "ದುಡ್ಡು ನಿಮ್ಮಮ್ಮ ಸ್ವರ್ಗದಿಂದ ಕಳಿಸ್ತಾರಾ?" ಅಂದ.

ಅವನ ಅಪ್ಪನಿಗೆ ತಾಂತಾದಲ್ಲಿ ಹೊಲವಿದೆ. ಆದರೆ ಅವನಮ್ಮನಿಗೆ ಸೊಸೆಯಾಗಿ ತನ್ನ ತಮ್ಮನ ಮಗಳು ಇಬ್ತಿಸಾಮ್ ಬೇಕು. ನನಗಾಗಿ ಒಂದು ಹಿಡಿ ಮಣ್ಣೂ ಮಾರಿಸಳು.

ಅಕ್ಟೋಬರ್ 25, ಶುಕ್ರವಾರ

ಮುದುಕಿ ಎರಡು ದಿನ ತಂಗಿಯ ಊರಿಗೆ ಹೋದಳು. ಪರದೆಯ ಅಳತೆ ತೆಗೆದುಕೋ ಅಂತ ನನಗೆ ಕೀಲಿ ಕೊಟ್ಟು ಹೋಗಿದ್ದಾಳೆ. ಇಡೀ ಮಧ್ಯಾಹ್ನ ನಮ್ಮದು.

ಬಾಸಿಮ್ ಅವಳ ಸತ್ತ ಗಂಡನ ನಿಲುವಂಗಿ ಹಾಕಿಕೊಂಡ. ಮೇಜಿನ ಮೇಲೆ ಕಾಲು ಚಾಚಿದ. ಆಮೇಲೆ ಅವಳ ಊರುಗೋಲು ಹಿಡಿದು ಅವಳ ಹಾಗೇ ಕುಂಟುತ್ತಾ ಚಹಾ ತಂದ. "ಕುಡಿ ಮಗಳೇ, ತಬ್ಬಲಿ ಮಗಳೇ." ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಇಷ್ಟು ಸುಖವಾಗಿ ಎಂದೂ ಇರಲಿಲ್ಲ, ಅದನ್ನು ಬರೆಯಲೇಬೇಕು. ಚಿನ್ನದ ಅಂಚಿನ ತಟ್ಟೆ ಎರಡು ತೆಗೆದು ಫಲಾಫಿಲ್ ತಿಂದೆವು. ಒಂದರ ಅಂಚು ಮುಕ್ಕಾಯಿತು. ತಿರುಗಿಸಿ ಇಟ್ಟೆ.

ಅವನು ಎಲ್ಲ ಕೋಣೆಗಳ ಫೋಟೋ ತೆಗೆದ. ಯಾಕೋ ಅಂದೆ. ನೆನಪಿಗೆ ಅಂದ.

ನವೆಂಬರ್ 9, ಶನಿವಾರ

ಎರಡು ಶುಕ್ರವಾರ ಅವನು ಸಿಗಲಿಲ್ಲ. ಆಫೀಸಿನಲ್ಲಿ ಆಡಿಟ್ ಅಂತೆ. ಶುಕ್ರವಾರ ವಾರದ ರಜೆ, ಯಾವ ಆಫೀಸು — ಕೇಳಲಿಲ್ಲ.

ಈಗ ಇನ್ಸಾಫ್ ಫೋನ್ ಮಾಡಿದ್ದಳು. ಬಾಯ್ತುಂಬ ಶುಭಾಶಯ. ನಿನ್ನೆ ಕರಾರು ಪತ್ರ ಬರೆದಾಯಿತಂತೆ. ಬಾಸಿಮ್, ಅವನ ಅಪ್ಪ ಅಮ್ಮ, ಇಬ್ಬರು ಸಾಕ್ಷಿ. "ನಿನಗೆ ಜ್ವರ ಅಂದ್ರಲ್ಲ, ಇಳೀತಾ ಮಗಳೇ? ನಿಮ್ಮತ್ತೆ ಬೀರುವನ್ನ ಸವರಿ ಸವರಿ ನೋಡಿದ್ರು."

"ಇಳೀತು, ಆಂಟಿ" ಅಂದೆ.

ನವೆಂಬರ್ 10, ಭಾನುವಾರ. ಸಂಜೆ ಆರು

ಸೇತುವೆಯ ಮೇಲೆ ಸಿಕ್ಕ. ಉಪ್ಪುನೀರಲ್ಲಿ ನೆನೆಸಿದ ತುರ್ಮುಸ್ ಕಾಳಿನ ಪೊಟ್ಟಣ ಹಿಡಿದು, ಏನೂ ಆಗದವನಂತೆ. ಒಂದೊಂದೇ ಸಿಪ್ಪೆ ನೈಲ್‌ಗೆ ಉಗಿಯುತ್ತಾ ಹೇಳಿದ.

"ಪೆದ್ದಿ. ನಮಗೋಸ್ಕರಾನೇ ಮಾಡಿದ್ದು. ಇಬ್ತಿಸಾಮ್‌ನ ಮದುವೆ ಆಗ್ತೀನಿ ಅಂದೆ, ಅಮ್ಮ ಹೊಲ ಮಾರ್ಸಿದ್ಲು. ಬರೋ ಭಾನುವಾರ ಮನೆ ನನ್ನ ಹೆಸರಿಗೆ ರಿಜಿಸ್ಟರ್ ಆಗತ್ತೆ. ಆಮೇಲೆ ಅಮ್ಮ ಏನು ಮಾಡ್ಕೋತಾಳೆ? ನೀನು ಬಂದು ಪರದೆ ಕಟ್ಟು."

"ಮೊದಲೇ ಹೇಳ್ಬಹುದಿತ್ತು."

"ನಿನ್ನ ಮುಖದಲ್ಲಿ ಎಲ್ಲ ಕಾಣತ್ತೆ. ಒಂದು ವಾರ ಬಾಯಿ ಮುಚ್ಕೊಂಡಿರು. ಮುದುಕಿಗೆ ಸುಳಿವು ಸಿಕ್ಕಿದ್ರೂ ಪತ್ರ ಹರಿದು ಹಾಕ್ತಾಳೆ. ಅವಳು ಮಾರ್ತಿರೋದು ತಬ್ಬಲಿಗೆ, ನೆನಪಿರ್ಲಿ. ನಿನ್ನಂಥ ನಟಿ ಊರಲ್ಲೇ ಇಲ್ಲ ಅಂದಿದ್ನಲ್ಲ?"

ನಂಬಿದೆ. ನಂಬಿದೆನಾ? ನಂಬಿದೆ. ಮೂರು ವರ್ಷ ಮನೆಮನೆ ತಿರುಗಿ ಸುಳ್ಳು ಹೇಳಿದವನು, ಆದರೆ ಅವು ಬೇರೆಯವರಿಗೆ ಹೇಳಿದ ಸುಳ್ಳು.

ನವೆಂಬರ್ 14, ಗುರುವಾರ. ಮಧ್ಯಾಹ್ನ ಎರಡು

ಅವನ ಅಮ್ಮ ನನ್ನ ಅಮ್ಮನಿಗೆ ಫೋನ್ ಮಾಡಿದಳು. ಋಣಾನುಬಂಧ ಇಲ್ಲ, ಶುಬ್ರಾದ ಮನೆಗೆ ಸೊಸೆಯಾಗಿ ಇಬ್ತಿಸಾಮ್ ಬರುತ್ತಾಳೆ, ನಿಮ್ಮ ಹುಡುಗಿಗೆ ಒಳ್ಳೇದಾಗಲಿ, ನಿಶ್ಚಿತಾರ್ಥದ ಚಿನ್ನ ನೀವೇ ಇಟ್ಟುಕೊಳ್ಳಿ. ಅಷ್ಟೇ. ನನಗೆ ಒಳಗೊಳಗೇ ಸಮಾಧಾನ — ನಾಟಕ ಚೆನ್ನಾಗಿ ನಡೆಯುತ್ತಿದೆ, ಅವಳು ಪೂರ್ತಿ ನಂಬಿದ್ದಾಳೆ. ಅಮ್ಮನಿಗೆ ಭಾನುವಾರದ ತನಕ ತಾಳು ಅಂದೆ. ಹೇಗೆ ತಾಳುತ್ತಾಳೆ? ಎದೆ ಎದೆ ಬಡಿದುಕೊಂಡಳು. ಆಮೇಲೆ ಎದ್ದು ಕಪ್ಪು ನಿಲುವಂಗಿ ಹಾಕಿಕೊಂಡಳು.

"ಎಲ್ಲಿಗೆ?"

"ಶುಬ್ರಾಕ್ಕೆ. ವಿಳಾಸ ನೀನೇ ಪರದೆ ಚೀಟಿ ಮೇಲೆ ಬರ್ದಿದೀಯಲ್ಲ. ಆ ಹೆಂಗಸಿಗೆ ಹೇಳ್ತೀನಿ. ನಿನ್ನ ಮನೆ ಈ ಹುಡುಗಿಗೆ ಅಂದಿದ್ದೆ, ಬೇರೆಯವಳನ್ನ ತುಂಬಿಸ್ಕೊಳ್ತಿದಾರೆ ಅಂತ. ನನಗೆ ರೊಟ್ಟಿ ಕಳಿಸಿದವಳು ಅವಳು. ನನ್ನ ಮಾತು ಕೇಳ್ತಾಳೆ."

"ಬೇಡಮ್ಮ" ಅಂದೆ. ಬಾಗಿಲಿಗೆ ಅಡ್ಡ ನಿಂತೆ. ತಳ್ಳಿಕೊಂಡು ಹೋದಳು. ದಮ್ಮಿನ ಕಾಯಿಲೆಯವಳು. ಐದು ಮಹಡಿ.

ಮೂರೂವರೆ

ಫೋನ್ ಬಂತು. ಇನ್ಸಾಫ್.

"ಮಗಳೇ, ಇಲ್ಲೊಬ್ಬಳು ಬಂದು ಕೂತಿದಾಳೆ. ಸೌಸನ್ ಅಂತೆ. ನಿನ್ನ ತಾಯಿ ಅಂತಾಳೆ. ಸತ್ತವಳ ಹೆಸರು ಹೇಳ್ಕೊಂಡು ಬಂದಿದಾಳಲ್ಲ, ನನಗೆ ಮೈಯೆಲ್ಲ ಜುಂ ಅಂತಿದೆ. ಯಾರಿವಳು?"

ಹಿಂದಿನಿಂದ ಅಮ್ಮನ ಏದುಸಿರು. "ಸತ್ತವಳಾ? ಯಾರು ಸತ್ತಿರೋದು? ಸ್ಪೀಕರ್ ಹಾಕಿ ನೀವು. ಹೇಳೇ ನಶ್ವಾ. ಹೇಳು ಇವ್ರಿಗೆ."

ಭಾನುವಾರಕ್ಕೆ ಮೂರು ದಿನ. ಮೂರೇ ದಿನ. ಪರದೆಯ ಅಳತೆಯ ಚೀಟಿ ಕಣ್ಣೆದುರೇ ಇತ್ತು.

"ಗೊತ್ತಿಲ್ಲ ಆಂಟಿ" ಅಂದೆ. "ನಮ್ಮ ಬೀದಿಯ ಹೆಂಗಸಿರಬೇಕು. ತಲೆ ಸರಿಯಿಲ್ಲ. ಅಮ್ಮ ಹೋದಾಗಿನಿಂದ ಹೀಗೇ ಮಾಡ್ತಾಳೆ."

ಆ ಕಡೆ ಏದುಸಿರು ನಿಂತಿತು. ಬೈಯಲಿಲ್ಲ. ಕಿರುಚಲಿಲ್ಲ.

"ಅಯ್ಯೋ ಪಾಪ" ಅಂದಳು ಇನ್ಸಾಫ್. "ಕೂತ್ಕೋಮ್ಮ, ನೀರು ಕುಡಿ. ಇವತ್ತು ಗುರುವಾರ, ರೊಟ್ಟಿ ಸುಟ್ಟಿದೀನಿ. ನಿಮ್ಮಮ್ಮನ ಹೆಸರಲ್ಲಿ ಇವಳಿಗೂ ಎರಡು ಕೊಡ್ತೀನಿ, ಮಗಳೇ. ಪುಣ್ಯ ಅವಳಿಗೆ ಸೇರ್ಲಿ."

ಫೋನ್ ಇಟ್ಟಳು.

ನಾಲ್ಕು ಗಂಟೆ

ಬಾಸಿಮ್‌ಗೆ ಬರೆದೆ: ಅಮ್ಮ ಅಲ್ಲಿಗೆ ಹೋಗಿದ್ದಳು, ನಿಭಾಯಿಸಿದೆ, ಪತ್ರ ಉಳಿಯಿತು.

ತಕ್ಷಣ ಉತ್ತರ. ಹಾಗೇ ಇಲ್ಲಿ ಇಳಿಸುತ್ತೇನೆ:

"ಶಾಭಾಸ್. ಕೀಲಿ ಕಟ್ಟಡದ ಕಾವಲಿನವನ ಹತ್ರ ಕೊಟ್ಬಿಡು, ಇಬ್ತಿಸಾಮ್ ಪರದೆ ಅಳತೆ ತಗೋಬೇಕಂತೆ. ನೀನು ತಗೊಂಡಿದ್ದ ಚೀಟಿ ಇದ್ರೆ ಅದನ್ನೂ ಕೊಡು, ಅವಳಿಗೆ ಕೆಲಸ ಉಳಿಯತ್ತೆ. ಇನ್ಮೇಲೆ ಮೆಸೇಜ್ ಬೇಡ, ಫೋನ್ ಅವಳ ಕೈಲಿರತ್ತೆ. ಬೇಜಾರು ಮಾಡ್ಕೋಬೇಡ ಕಣೇ. ಚೆನ್ನಾಗಿ ಕಾಲ ಕಳೆದ್ವಿ, ಅಲ್ವಾ?"

ನಾಲ್ಕು ಸಲ ಓದಿದೆ. ಇನ್ಸಾಫ್‌ಗೆ ಫೋನ್ ಮಾಡಿ ನಿಜ ಹೇಳಬೇಕು. ಏನಂತ ಶುರು ಮಾಡಲಿ? ಯಾವುದರಿಂದ? ನಂಬರ್ ಒತ್ತಿದೆ, ಕಟ್ ಮಾಡಿದೆ. ಮತ್ತೆ ಒತ್ತಿದೆ. ನನ್ನ ಮಾತು ಈಗ ಯಾರು ನಂಬುತ್ತಾರೆ — ನಾನೇ ನಂಬುವುದಿಲ್ಲ.

ಐದೂ ಹತ್ತು

ಮೆಟ್ಟಿಲ ಮೇಲೆ ಅಮ್ಮ. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಬೀಗ ತೆಗೆದಳು. ಚಪ್ಪಲಿ ಬಿಟ್ಟಳು. ಮೇಜಿನ ಮೇಲೆ ಕಾಗದದ ಪೊಟ್ಟಣ ಇಟ್ಟ ಸದ್ದು. ಸೋಂಪಿನ ವಾಸನೆ ಇಲ್ಲಿಯ ತನಕ ಬರುತ್ತಿದೆ.

ಮೆಷಿನ್ ಹತ್ತಿರ ಹೋಗಲಿಲ್ಲ. ಇತ್ತ ಬರುತ್ತಿದ್ದಾಳೆ. ಈಗ ತಳ್ಳುತ್ತಾಳೆ. ತಳ್ಳಲಿ, ಬಂದು ಕೂದಲು ಹಿಡಿದು ಎಳೆದಾಡಲಿ, ಹೊಡೆಯಲಿ.

ನಿಂತಳು.

ತಟ್ಟುತ್ತಿದ್ದಾಳೆ. ಎರಡು ಸಲ, ಮೆಲ್ಲಗೆ, ಗುರುತಿಲ್ಲದವರ ಬಾಗಿಲು ತಟ್ಟುವ ಹಾಗೆ.

"ಒಳಗೆ ಬರ್ಬಹುದೇನಮ್ಮಾ" ಅನ್ನುತ್ತಿದ್ದಾಳೆ.

ಬಾ ಅನ್ನಬೇಕು. ಅಮ್ಮಾ ಬಾ ಅಂತ