ಅಕ್ಕನ ಜರೀಗಿಡ

ಜೂನ್ ೮, ಭಾನುವಾರ

ಮುಚ್ಚಿಟ್ಟದ್ದು ಅಕ್ಕನಿಗೆ ಗೊತ್ತಾಗಿಯೇ ಹೋಯಿತು. ಕಣ್ಣಿನ ಆಪರೇಷನ್ನಿಗೆಂದು ಅವಳು ಆಸ್ಪತ್ರೆಯಲ್ಲಿದ್ದ ಮೂರು ವಾರವೂ ಅವಳ ಕುಂಡಗಳಿಗೆ ತಪ್ಪದೆ ನೀರು ಹಾಕಿದೆ, ಎಲೆ ಒರೆಸಿದೆ. ಆದರೂ ಜರೀಗಿಡ ನೀರು ಹೆಚ್ಚಾಗಿ ಕೊಳೆತುಹೋಯಿತು. ಅಂಥದ್ದೇ ಇನ್ನೊಂದು ತಂದಿಟ್ಟು ಸುಮ್ಮನಿದ್ದೆ.

ಸಂಜೆ ಮನೆಗೆ ಬಂದವಳು ಕಣ್ಣಿನ ಪಟ್ಟಿ ಬಿಚ್ಚದೆಯೇ ಗಿಡದ ಹತ್ತಿರ ಕೂತು ಎಲೆ ಸವರಿದಳು.

"ಇದು ನಂದಲ್ಲ ಕಣೇ."

"ಅದು ಸತ್ತೋಯ್ತು ಅಕ್ಕಾ. ಹೇಳೋಕೆ ಭಯ ಆಯ್ತು."

"ಹುಚ್ಚಿ!" ನಕ್ಕಳು. "ಪಾಪ, ಇದಕ್ಕೆ ನಾನು ಹೊಸಬಳು. ನೀನೇ ಪರಿಚಯ ಮಾಡ್ಸು."

ಅವಳ ಬೆರಳು ಹಿಡಿದು ಎಲೆಯಿಂದ ಎಲೆಗೆ ನಡೆಸಿದೆ. ಮಣ್ಣಿನ ತಂಪು, ಅವಳ ಕೈಯ ಬಿಸಿ. ಕತ್ತಲಾದದ್ದು ಇಬ್ಬರಿಗೂ ತಿಳಿಯಲಿಲ್ಲ. ಈಗ ಕಣ್ಣು ಮುಚ್ಚಿದರೂ ಬೆರಳ ತುದಿಯಲ್ಲಿ ಆ ಎಲೆಗಳು ಮೆಲ್ಲಗೆ ತಾಕುತ್ತಿವೆ.